ಬೀಡಿ ಬಿಟ್ಟವನನ್ನು ಮತ್ತೆ ಕೇಳಬೇಕು

(ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

 

ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದರು. ಅದನ್ನು ಹೇಳಲು ವೇದಿಕೆಯ ಮೇಲೆ ಬೇರೆಯವರಿದ್ದಾರೆ. ನಾನು ಬೀಡಿ ಸಿಗರೇಟು ಬಿಡಿಸುವ ವಿಚಾರ ಹೇಳುತ್ತೇನೆ, ಅಪ್ಪಣೆಯಿರಲಿ. ನಾನು ವೈದ್ಯಳಲ್ಲ, ಬಿ.ಎಡ್. ಮಾಡಿ 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಈ ವಿಷಯ ಹುಡುಕಿ ಓದಲು ನನಗೆ ಒಂದು ಕಾರಣವಿದೆ.

ನಮ್ಮ ತಾಯಿ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಇಲ್ಲಿ ಕೂತಿರುವ ಎಷ್ಟೋ ತಾಯಂದಿರ ಕಥೆಯೂ ಅದೇ. ನನ್ನ ಕಾಲೇಜಿನ ಫೀಸು ಬಂದದ್ದು ಆ ಗೆರಸೆಯಿಂದ. ನನ್ನ ಅಣ್ಣ ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಬೀಡಿ ಎತ್ತಿಕೊಂಡದ್ದೂ ಅದೇ ಗೆರಸೆಯಿಂದ. ಮುಂದೆ ಅವನು ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದ, ದಿನಕ್ಕೆ ಎರಡು ಕಟ್ಟು ಸೇದಿದ. 52ರಲ್ಲಿ ಕ್ಷಯ ಬಂತು. ಆರು ತಿಂಗಳು ಗುಳಿಗೆ ನುಂಗಿದ. ಚಿಕಿತ್ಸೆಯ ಕಡೆಯವರು ತೂಕ ನೋಡಿದರು, ಕಫ ಪರೀಕ್ಷೆ ಮಾಡಿಸಿದರು. ಬೀಡಿ ಸೇದುತ್ತೀರಾ ಎಂದು ಒಬ್ಬರೂ ಕೇಳಲಿಲ್ಲ.

ಆ ವರ್ಷ ರಮಝಾನಿನ ನಂತರ ಅವನೇ ಬೀಡಿ ಬಿಟ್ಟ. ಹತ್ತೊಂಬತ್ತು ದಿನ ಬಿಟ್ಟಿದ್ದ. ಇಪ್ಪತ್ತನೆಯ ದಿನ ಬಚ್ಚಲ ಹಿಂದೆ ಹೊಗೆ ಕಂಡಿತು. ನಾನು ಹೇಳಿದ್ದು ಇಷ್ಟೇ: "ನನಗೆ ಗೊತ್ತಿತ್ತು, ನಿನ್ನಿಂದ ಆಗುವುದಿಲ್ಲ ಅಂತ." ಅವನು ಮತ್ತೆ ಪ್ರಯತ್ನ ಮಾಡಲಿಲ್ಲ. ನಾನು ಬಂದರೆ ಬಚ್ಚುತ್ತಿದ್ದ, ಅಷ್ಟೇ. 61ಕ್ಕೆ ಉಬ್ಬಸದಲ್ಲಿ ತೀರಿಕೊಂಡ.

ಶಾಲೆಯಲ್ಲಿ ನಾನು ಹಾಗಿರಲಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ನಪಾಸಾದ ಹುಡುಗನನ್ನು ಕೂರಿಸಿಕೊಂಡು ಎಲ್ಲಿ ಅಂಕ ಹೋಯಿತು ನೋಡೋಣ ಎನ್ನುತ್ತಿದ್ದೆ. ಅಣ್ಣನನ್ನು ಮಾತ್ರ ಹಾಗೆ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಅಂದು ಅವನು ಬಹಳ ದಿನದ ಮೇಲೆ ರಾತ್ರಿ ಲಾರಿ ಹತ್ತಿದ್ದ. ಅತ್ತಿಗೆ ಇದನ್ನು ನನಗೆ ಹೇಳಿದ್ದು ಅವನು ಹೋದ ಮೇಲೆ.

ಸಂಶೋಧನೆಗಳು ಏನು ಹೇಳುತ್ತವೆ ನೋಡಿ. ಬಾಂಗ್ಲಾದೇಶ ಮತ್ತು ಪಾಕಿಸ್ತಾನದಲ್ಲಿ, ತಂಬಾಕು ಸೇದುವ 2,400ಕ್ಕೂ ಹೆಚ್ಚು ಕ್ಷಯರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಸೈಟಿಸಿನ್ ಎಂಬ ಗುಳಿಗೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧಿಯಿಲ್ಲದ ಗುಳಿಗೆ. ಬಿಡುವುದು ಹೇಗೆ ಎಂಬ ಚುಟುಕಾದ ಮಾತುಕತೆ ಮಾತ್ರ ಇಬ್ಬರಿಗೂ ಇತ್ತು. ಆರು ತಿಂಗಳ ಮೇಲೆ ಉಸಿರು ಊದಿಸಿ ಪರೀಕ್ಷಿಸಿದರು. ಗುಳಿಗೆಯವರಲ್ಲಿ 100ಕ್ಕೆ ಸುಮಾರು 32 ಮಂದಿ ಬಿಟ್ಟಿದ್ದರು, ಬರೀ ಗುಳಿಗೆಯವರಲ್ಲಿ ಸುಮಾರು 30. ಸಂಶೋಧಕರಿಗೆ ಇದು ನಿರಾಸೆಯ ಫಲಿತಾಂಶ. ನಾನಂತೂ ಆ 30ನ್ನೇ ನೋಡುತ್ತಾ ಕೂತೆ. ಮಾತನ್ನೇ ಆಡದ ಗುಂಪು ಅಲ್ಲಿರಲಿಲ್ಲ, ರೋಗದ ಭಯವೂ ಕೆಲಸ ಮಾಡಿರಬಹುದು. ಆದರೂ ನಮ್ಮಣ್ಣನಂಥ 100 ಜನರಲ್ಲಿ 30 ಜನ!

ಹಾಗೆಂದು ಔಷಧಿ ಬೇಡವೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ಯಾವ ಕಾಯಿಲೆಗೆ ಬಂದವರಿಗೂ ವೈದ್ಯರು, ದಾದಿಯರು ಅರ್ಧ ನಿಮಿಷದಿಂದ ಮೂರು ನಿಮಿಷ ಈ ವಿಷಯ ಮಾತನಾಡಬೇಕು ಎಂದು ಅದು ಹೇಳುತ್ತದೆ. ಜೊತೆಗೆ ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ, ವ್ಯಾರೆನಿಕ್ಲಿನ್, ಬ್ಯುಪ್ರೋಪಿಯಾನ್, ಸೈಟಿಸಿನ್ ಇವನ್ನೂ ಶಿಫಾರಸು ಮಾಡುತ್ತದೆ. ಮಾತು ಮತ್ತು ಔಷಧಿ ಎರಡೂ ಸೇರಿದಾಗ ಫಲ ಹೆಚ್ಚು. ಗುಳಿಗೆಗಳನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನಿಕೋಟಿನ್ ಗಮ್ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ತಪ್ಪಾಗಿ ಬಳಸಿ ಎಸೆದವರೇ ಹೆಚ್ಚು. ಮಕ್ಕಳ ಗಮ್ಮಿನಂತೆ ಒಂದೇ ಸಮನೆ ಜಗಿದರೆ ಗಂಟಲು ಉರಿಯುತ್ತದೆ, ಬಿಕ್ಕಳಿಕೆ ಬರುತ್ತದೆ. ನಿಧಾನ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ಒತ್ತರಿಸಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಅರ್ಧ ಗಂಟೆ ಹೀಗೆ. ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಕುಡಿಯಬಾರದು. ಕುಡಿದರೆ ನಿಕೋಟಿನ್ ಬಾಯಿಯಲ್ಲಿ ಹೀರುವುದಿಲ್ಲ. ನಮ್ಮ ಕಡೆಯವರಿಗೆ ಇದೇ ಕಷ್ಟ!

ರಮಝಾನಿನಲ್ಲಿ ಇಡೀ ಹಗಲು ಸೇದದೆ ಇರುವವರು ನಮ್ಮಲ್ಲಿ ಎಷ್ಟೋ ಮಂದಿ. ಆದರೂ ಹಬ್ಬದ ಹೊತ್ತಿಗೆ ಚಟ ಯಾಕೆ ಹೋಗಿರುವುದಿಲ್ಲ? ಇಫ್ತಾರಿನ ನಂತರದ ಒಂದು ಬೀಡಿಯಿಂದ. ಬಿಟ್ಟವರ ಚಡಪಡಿಕೆ, ಸಿಡುಕು ಮೊದಲ ಎರಡು ಮೂರು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಪ್ರತಿ ಸಂಜೆ ನಿಕೋಟಿನ್ ಒಳಗೆ ಹೋದರೆ ಆ ಲೆಕ್ಕ ಮುಂದೆ ಸಾಗುವುದೇ ಇಲ್ಲ. ಆ ಸಂಜೆಯ ಹೊತ್ತಿಗೆ ಗಮ್ಮೋ ಪಟ್ಟಿಯೋ ಬೇಕೇ ಎಂದು ರಮಝಾನಿಗೆ ಮೊದಲೇ ವೈದ್ಯರನ್ನು ಕೇಳಿಡುವುದು ಒಳ್ಳೆಯದು.

ವಯಸ್ಸಾಯಿತು, ಇನ್ನೇನು ಬಿಡುವುದು ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ 50 ವರ್ಷ ಸಾವಿರಾರು ವೈದ್ಯರನ್ನೇ ಗಮನಿಸಿ ನೋಡಿದರು. ಸಿಗರೇಟು ಬಿಡದವರು ಸರಾಸರಿ 10 ವರ್ಷ ಮೊದಲು ತೀರಿಕೊಂಡರು. 60ಕ್ಕೆ ಬಿಟ್ಟವರಿಗೆ ಸುಮಾರು 3 ವರ್ಷ ಉಳಿಯಿತು, 50ಕ್ಕೆ ಬಿಟ್ಟವರಿಗೆ 6. ಅಣ್ಣನಿಗೆ ಆಗ 52 ಎಂದು ಹೇಳಿದೆನಲ್ಲ.

ದಾನಿಗಳಲ್ಲಿ ನನ್ನದೊಂದು ಬೇಡಿಕೆ. ನಮ್ಮ ವೈದ್ಯಕೀಯ ನೆರವಿನ ನಿಧಿ ಇನ್‌ಹೇಲರಿಗೆ, ಆಪರೇಷನ್ನಿಗೆ ಹಣ ಕೊಡುತ್ತದೆ. ಬಿಡಲು ಹೊರಟ ಒಬ್ಬ ಕೂಲಿಯವನಿಗೆ ಮೂರು ತಿಂಗಳ ಗಮ್ಮಿಗೂ ಕೊಡಲಿ. ಅವನು ಮತ್ತೆ ಸೇದಿದರೆ ಹಣ ಹೋಯಿತೆಂದು ಲೆಕ್ಕ ಬರೆಯದೆ ಎರಡನೆಯ ಬಾರಿಯೂ ಕೊಡಲಿ. ಬಹಳ ಮಂದಿ ಬಿಡುವುದು ಹಲವು ಪ್ರಯತ್ನಗಳ ನಂತರವೇ.

ಮಕ್ಕಳೇ, ನಿಮಗೊಂದು ಕೆಲಸ. ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ 1800-11-2356 ಎಂಬ ಸಂಖ್ಯೆ ಇರುತ್ತದೆ. ಸರ್ಕಾರದ ಉಚಿತ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೂ ಮಾತನಾಡುತ್ತಾರೆ. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇನೆ. ಯಾರಿಗೆಂದು ಯಾರೂ ಕೇಳುವುದಿಲ್ಲ. ಊಟಕ್ಕೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ.