ಅಮ್ಮನ ಟೆನ್ಷನ್, ಮಗುವಿನ ಕೊಬ್ಬು: ಕಾರ್ಟಿಸೋಲ್ ಇಡುವ ಲೆಕ್ಕ

ಪಾಣೆಮಂಗಳೂರಿನಿಂದ ಮಾತಾಡ್ತಾ ಇದ್ದೇನೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮನೆಯಲ್ಲೋ ಕೇಳ್ತಾ ಇರುವ ನಿಮಗೆ ಮೊದಲು ಒಂದು ಪ್ರಶ್ನೆ. ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ. ಇಂಥವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ, ಅಲ್ವಾ? "ತಿನ್ನೋದು ಜಾಸ್ತಿ, ನಡೆಯೋದು ಕಡಿಮೆ" ಅಂತ ನಾವು ಒಂದೇ ಮಾತಲ್ಲಿ ಮುಗಿಸಿಬಿಡ್ತೇವೆ. ಅದು ಸುಳ್ಳಲ್ಲ. ಆದರೆ ಲೆಕ್ಕದ ಮೊದಲ ಪುಟ ಹುಟ್ಟುವ ಮೊದಲೇ ಬರೆದಾಗಿರ್ತದೆ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಕಿಡ್ನಿಯ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಕೂತಿರ್ತದೆ. ಹೆದರಿಕೆ, ಹಸಿವು, ನಿದ್ದೆಗೇಡು, ಯಾವುದೇ ಒತ್ತಡ ಬಂದರೂ ಅದು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡ್ತದೆ. ಹಾರ್ಮೋನು ಒಂದೇ ಏನೂ ಮಾಡುವುದಿಲ್ಲ. ಅದನ್ನು ಹಿಡಿದುಕೊಳ್ಳಲು ಜೀವಕೋಶದ ಒಳಗೆ ರಿಸೆಪ್ಟರ್ ಬೇಕು. ಕನ್ನಡದಲ್ಲಿ ಗ್ರಾಹಕ ಅಂತಾರೆ, ಅಂಗಡಿಯ ಗ್ರಾಹಕ ಅಲ್ಲ ಮಾರಾಯ್ರೆ! ಕಾರ್ಟಿಸೋಲ್ ಬಂದು ಕೂತ ಕೂಡಲೇ ಈ ರಿಸೆಪ್ಟರ್ ಕೋಶದ ಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಆನ್ ಮಾಡ್ತದೆ, ಕೆಲವನ್ನು ಆಫ್ ಮಾಡ್ತದೆ.

ಒತ್ತಡ ಸ್ವಲ್ಪ ಹೊತ್ತಿನದ್ದಾದರೆ ಕೊಬ್ಬು ಕರಗಿ ಶಕ್ತಿಗೆ ಸಿಗ್ತದೆ. ತಿಂಗಳುಗಟ್ಟಲೆ ಮುಂದುವರಿದರೆ ಕತೆ ಉಲ್ಟಾ. ಹೊಸ ಕೊಬ್ಬಿನ ಕೋಶಗಳು ತಯಾರಾಗಲು ಕಾರ್ಟಿಸೋಲ್ ಸಹಾಯ ಮಾಡ್ತದೆ. ಅದೂ ಹೊಟ್ಟೆಯ ಒಳಗೆ ಜಾಸ್ತಿ, ಯಾಕಂದ್ರೆ ಚರ್ಮದ ಅಡಿಯ ಕೊಬ್ಬಿಗಿಂತ ಅಲ್ಲಿನ ಕೊಬ್ಬಿನಲ್ಲಿ ಈ ರಿಸೆಪ್ಟರ್‌ಗಳು ಹೆಚ್ಚು. ತುಂಬಾ ಸಮಯ ಸ್ಟೀರಾಯ್ಡ್ ಮಾತ್ರೆ ತಗೊಂಡವರ ಮುಖ, ಹೊಟ್ಟೆ ಊದಿಕೊಂಡು ಕೈಕಾಲು ಸೊರಗುವುದು ಇದೇ ಕಾರಣಕ್ಕೆ.

ಈಗ ಗರ್ಭದೊಳಗೆ ಹೋಗೋಣ. ಅಮ್ಮನ ಕಾರ್ಟಿಸೋಲ್ ಪೂರ್ತಿ ಮಗುವಿಗೆ ತಲುಪುವುದಿಲ್ಲ. ಮಾಸಿನಲ್ಲಿ, ಅಂದ್ರೆ ಪ್ಲಾಸೆಂಟಾದಲ್ಲಿ, ಒಂದು ಕಿಣ್ವ ಗೇಟ್‌ಕೀಪರ್ ಹಾಗೆ ನಿಂತು ಅದರ ಬಹುಪಾಲನ್ನು ನಿಷ್ಕ್ರಿಯ ಮಾಡ್ತದೆ. ಗರ್ಭಿಣಿ ಇಲಿಗಳಿಗೆ ಪ್ರೋಟೀನ್ ಕಡಿಮೆ ಕೊಟ್ಟಾಗ ಈ ಗೇಟ್ ಸಡಿಲವಾಯ್ತು. ಈ ಗೇಟನ್ನು ದಾಟಿ ಹೋಗುವ ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ಸಣ್ಣದಾಗಿ ಹುಟ್ಟಿದವು. ದೊಡ್ಡವಾದ ಮೇಲೆ ಅವುಗಳ ಲಿವರ್‌ನಲ್ಲಿ ರಿಸೆಪ್ಟರ್‌ಗಳು ಜಾಸ್ತಿ ಇದ್ದವು, ರಕ್ತದಲ್ಲಿ ಸಕ್ಕರೆಯೂ ಜಾಸ್ತಿ. ಅಂದ್ರೆ ಹೊರಗೆ ಬರಗಾಲ ಉಂಟು ಅಂತ ದೇಹ ಮೊದಲೇ ಸೆಟ್ಟಿಂಗ್ ಮಾಡಿಕೊಂಡ ಹಾಗೆ.

ಇದು ಬರೀ ಇಲಿಯ ಕತೆಯಾ? ಮನುಷ್ಯರ ಸುಳಿವು ಬೇಕಾದರೆ ಘಟ್ಟ ಹತ್ತಿ ಮೈಸೂರಿಗೆ ಹೋಗಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಅಂತ 1996ರಲ್ಲಿ ವರದಿಯಾಯ್ತು. 2003ರಲ್ಲಿ ಇನ್ನೊಂದು ವರದಿ ಬಂತು. ಬೆಳಗಿನ ಕಾರ್ಟಿಸೋಲ್ ಜಾಸ್ತಿ ಇದ್ದವರಲ್ಲಿ ಬಿಪಿ, ಶುಗರ್, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಕೂಡ ಜಾಸ್ತಿ ಇತ್ತು. ಶುಗರ್‌ನ ನಂಟು ಮೈಯಲ್ಲಿ ಬೊಜ್ಜು ಇದ್ದವರಲ್ಲಿ ಇನ್ನೂ ಗಟ್ಟಿ.

ಈ ಕೊನೆಯ ವಾಕ್ಯ ನೆನಪಿಡಿ. ಇದು ನಂಟು ಮಾತ್ರ, ಇದೇ ಕಾರಣ ಅಂತ ತೀರ್ಪಲ್ಲ. ಆದರೂ ಗರ್ಭದ ಸೆಟ್ಟಿಂಗ್ ಹಣೆಬರಹ ಅಲ್ಲ, ಮುಂದೆ ಮೈ ಹೇಗೆ ಇಟ್ಟುಕೊಳ್ತೇವೆ ಅನ್ನುವುದೂ ಲೆಕ್ಕಕ್ಕೆ ಬರ್ತದೆ ಅಂತ ನನಗೆ ಅನಿಸ್ತದೆ.

ಈಗ ನಮ್ಮ ಊರಿಗೆ ಬನ್ನಿ. ಬಂಟ್ವಾಳ ತಾಲೂಕಿನಲ್ಲಿ ಎಷ್ಟೋ ಮನೆ ನಡೆಯುವುದು ಹೆಂಗಸರು ಕಟ್ಟುವ ಬೀಡಿಯಿಂದ. ಬಸುರಿಯಾದರೂ ಗೆರಸೆ ಮಡಿಲಲ್ಲಿ, ನಾಳೆ ಬ್ರಾಂಚಿಗೆ ಕೊಡುವ ಲೆಕ್ಕ ತಲೆಯಲ್ಲಿ. ಎಲ್ಲರಿಗೂ ಬಡಿಸಿ ಉಳಿದದ್ದು ಊಟ. ಅವರಿಗೆ ಹೋಗಿ "ಟೆನ್ಷನ್ ಮಾಡ್ಬೇಡಿ, ಮಗುವಿಗೆ ಆಗುದಿಲ್ಲ" ಅಂದರೆ ಎಂತ ಪ್ರಯೋಜನ? ಇನ್ನೊಂದು ಟೆನ್ಷನ್ ಕೊಟ್ಟ ಹಾಗೆ. ಗರ್ಭಿಣಿಯ ಒತ್ತಡ ಅವಳ ತಪ್ಪಲ್ಲ, ಅದನ್ನು ಇಳಿಸುವುದು ಮನೆಯವರ ಕೆಲಸ. ಹೊಟ್ಟೆ ತುಂಬ ಬೇಳೆ, ಮೊಟ್ಟೆ, ಮೀನು ಸಿಗಲಿ. ಮಧ್ಯಾಹ್ನ ಒಂದು ಗಂಟೆ ಮಲಗಲಿ. ಸೀಮಂತದ ದಿನ ಬಡಿಸುವ ಪ್ರೀತಿ ಉಳಿದ ದಿನಗಳಲ್ಲೂ ಇರಲಿ.

ಎರಡು ಎಚ್ಚರಿಕೆ. ಕೆಮ್ಮಿಗೆ ಅಂತ ಅಗಿಯುವ ಜ್ಯೇಷ್ಠಮಧು ಆ ಗೇಟ್‌ಕೀಪರ್ ಕಿಣ್ವವನ್ನು ತಡೆಯುತ್ತದೆ, ಬಸುರಿಯರು ಡಾಕ್ಟರನ್ನು ಕೇಳದೆ ತಿನ್ನಬೇಡಿ. ಹಾಗಂತ ಅವಧಿಗೆ ಮುಂಚೆ ಹೆರಿಗೆ ಆಗುವ ಸಂಭವ ಇದ್ದಾಗ ಡಾಕ್ಟರ್ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬೇಡ ಅನ್ನಬೇಡಿ. ಮಗುವಿನ ಶ್ವಾಸಕೋಶ ಬಲಿಯಲಿಕ್ಕೆ ಅದು ಬೇಕು, ಅದರಿಂದ ಜೀವ ಉಳೀತದೆ.

ಕೊನೆಗೆ ನಿಮಗೊಂದು ಹೋಮ್‌ವರ್ಕ್. ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ ಅಂತ ಇವತ್ತು ಅಮ್ಮನನ್ನು ಕೇಳಿ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಹೆದರಬೇಡಿ, ಒಂದು ಟೇಪ್ ತಗೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ದಾಟಿದ್ದರೆ ಬಿಪಿ, ಶುಗರ್ ಒಮ್ಮೆ ನೋಡಿಸಿ. ಹಾಗೇ ಆ ಸಮಯದಲ್ಲಿ ಅಮ್ಮ ಹೇಗಿದ್ದರು, ಎಂತ ಉಣ್ತಾ ಇದ್ದರು ಅಂತಲೂ ಕೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.