ಕೂಡುಮಲೆಯ ‘ನಾನು’, ಕೂಡುಮಲೆಯ ‘ನಾವು’



ದೇವತೆಗಳು ಬಂದು ಕೂಡುತ್ತಿದ್ದ ಬೆಟ್ಟ ಇದು, ಕೂಡುಮಲೆಯೇ ಕುರುಡುಮಲೆಯಾಯಿತು ಎನ್ನುವುದು ಇಲ್ಲಿಯವರ ಮಾತು. ಇಲ್ಲಿನ ಗುಡಿಗಳ ಚಿತ್ರಪ್ರದರ್ಶನ ತೆರೆಯುವ ಈ ಹೊತ್ತಿಗೆ ಆ ಕೂಡುವ ಮಾತೇ ಒಪ್ಪುತ್ತದೆ. ಮನುಷ್ಯನ ‘ನಾನು’ ಹೇಗೆ ಮೂಡುತ್ತದೆ, ಊರಿಗೆಲ್ಲ ಸೇರಿದ ಅರ್ಥ ಹೇಗೆ ಮೂಡುತ್ತದೆ? ವಿದ್ವಾಂಸರು ಇವನ್ನು ಎರಡು ಬೇರೆ ಶಾಸ್ತ್ರಗಳಾಗಿ ಓದಿಸಿದ್ದುಂಟು. ಈ ಊರಿನಲ್ಲಿ ಅವು ಬೇರೆಯಾಗಿ ನಿಲ್ಲುವುದಿಲ್ಲ.

ಮೊದಲು ಊರಿನ ಅರ್ಥದ ಮಾತು. ಇಲ್ಲಿನ ಹದಿಮೂರೂವರೆ ಅಡಿಯ ಗಣಪನಿಗೆ ಕೈಮುಗಿದು 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಟರು. ಅದೇ ವರ್ಷ ಮುಖ್ಯಮಂತ್ರಿಯಾದರು. 2022ರ ನವೆಂಬರಿನಲ್ಲಿ ಎಚ್.ಡಿ. ಕುಮಾರಸ್ವಾಮಿಯವರೂ ಪಂಚರತ್ನ ಯಾತ್ರೆಗೆ ಮೊದಲು ಇಲ್ಲಿಯೇ ಪೂಜೆ ಸಲ್ಲಿಸಿದರು. ಮರುವರ್ಷದ ವಿಧಾನಸಭೆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಬಂದದ್ದು 19 ಸ್ಥಾನ ಮಾತ್ರ. ಆದರೂ ಇಲ್ಲಿ ಪೂಜಿಸಿ ಹೊರಟರೆ ಗೆಲುವು ಎಂಬ ನಂಬಿಕೆ ಕದಲಲಿಲ್ಲ. ಮನೆಗೆ ಪಾಯ ತೋಡುವ ಮುನ್ನ ವಿಘ್ನೇಶ್ವರನನ್ನು ನೆನೆಯುವ ಹಳೆಯ ರೂಢಿಗೆ ಚುನಾವಣೆಯೆಂಬ ಹೊಸದನ್ನು ಜನ ಗಂಟುಹಾಕಿದ್ದರು, ಆ ಗಂಟು ಒಂದು ಸೋಲಿಗೆ ಬಿಚ್ಚುವಂಥದ್ದಲ್ಲ. ಅಪರಿಚಿತವಾದದ್ದನ್ನು ಸಮಾಜ ಹೀಗೆ ಪರಿಚಿತವಾದದ್ದಕ್ಕೆ ಕಟ್ಟಿ ಅರ್ಥಮಾಡಿಕೊಳ್ಳುತ್ತದೆ ಎಂದು ಫ್ರಾನ್ಸಿನ ಸಮಾಜ ಮನೋವಿಜ್ಞಾನಿ ಸೆರ್ಜ್ ಮೊಸ್ಕೊವಿಸಿ ವಿವರಿಸಿದರು. ಮನೋವಿಶ್ಲೇಷಣೆಯನ್ನು ಅಲ್ಲಿಯ ಜನಸಾಮಾನ್ಯರು ಹೇಗೆ ತಮ್ಮದಾಗಿಸಿಕೊಂಡರು ಎಂಬ ಅವರ ಪುಸ್ತಕ ಬಂದದ್ದು 1961ರಲ್ಲಿ.

‘ನಾನು’ ಎಂಬುದರ ಬಗ್ಗೆ ಷಿಕಾಗೋದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ಹೇಳಿದ್ದು ಇನ್ನೂ ಹತ್ತಿರದ್ದು. ಆಟದಲ್ಲಿ ಮಗು ಉಳಿದವರೆಲ್ಲರ ಪಾತ್ರವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಾಗೆ ಇತರರ ಕಣ್ಣಿನಿಂದ ನೋಡಿಕೊಂಡಾಗಲೇ ಅದಕ್ಕೆ ತನ್ನ ಅರಿವು. ಲಗೋರಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಮೀಡ್‌ಗೆ ಸಿಗದ ಉದಾಹರಣೆಯೊಂದು ನಮ್ಮ ಈ ಮುಳಬಾಗಿಲು ಸೀಮೆಯ ನಾಲಿಗೆಯಲ್ಲೇ ಇದೆ. ಕನ್ನಡದಲ್ಲಿ ‘ನಾವು’ ಎಂದರೆ ಸಾಕು. ಅದೇ ಬಾಯಿ ತೆಲುಗಿಗೆ ಹೊರಳಿದಾಗ ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ‘ನಾವು’ ಎನ್ನಲು ಬಾಯಿ ತೆರೆಯುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸಬೇಕು. ಎರಡೂ ಭಾಷೆ ಆಡುವ ಮಗು ದಿನವೂ ಈ ತೀರ್ಮಾನ ಮಾಡುತ್ತದೆ. ತನ್ನತನ ಮತ್ತು ಸಮಾಜದ ಅರ್ಥ ಒಂದೇ ಸರ್ವನಾಮದಲ್ಲಿ ಕೂಡುವ ಜಾಗ ಅದು.

ಹೀಗೆ ಕೂಡಿದ್ದರ ಇನ್ನೊಂದು ಗುರುತಾಗಿ ಪ್ರದರ್ಶನದ ಒಳಗೆ ಇಲ್ಲಿನ ಸೋಮೇಶ್ವರ ಗುಡಿಯ ಚಿತ್ರಗಳಿವೆ. ಅರ್ಧ ಶಿಲ್ಪಿ ಜಕಣಾಚಾರಿಯದು, ಅರ್ಧ ಅವನ ಮಗ ಡಂಕಣನದು ಎಂದು ಜನ ಹೇಳುತ್ತ ಬಂದ ಗುಡಿ. ಎಲ್ಲಿಗೆ ತಂದೆಯ ಕೆಲಸ ಮುಗಿದು ಎಲ್ಲಿಂದ ಮಗನದು ಶುರುವಾಯಿತೆಂದು ಪಕ್ಕದವರೊಡನೆ ಸೇರಿ ಹುಡುಕಿ, ಮನಸಾರೆ ವಾದಿಸಿ. ಪ್ರದರ್ಶನ ತೆರೆದಿದೆ, ಬನ್ನಿ.