ಸಿಂಪಿಯ ಆರೋಗ್ಯಕ್ಕೆ ಪಾಚಿಯ ವಿಷ



ನೆಟ್ಟಣ ಘಟ್ಟದ ಬುಡದ ಊರು. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ, ಕಿದು ತೆಂಗು ಸಂಶೋಧನಾ ಕೇಂದ್ರ, ಸುತ್ತಲೂ ಅಡಿಕೆ ತೋಟಗಳು. ಇಲ್ಲಿ ಸಮುದ್ರದ ಸಿಂಪಿಯ ಮಾತೇಕೆ ಎಂದು ಕೇಳುವವರಿರಬಹುದು. ಆದರೆ ಇಲ್ಲಿಯ ತೋಡುಗಳ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನ ಅಳಿವೆಗೆ ಇಳಿಯುತ್ತದೆ. ಕರಾವಳಿಯ ಮರುವಾಯಿ, ಪಚ್ಚಿಲೆಗಳು ಮೀನಿನ ಬುಟ್ಟಿಯಲ್ಲಿ ಒಳನಾಡಿಗೂ ಬರುತ್ತವೆ. ಹೀಗೆ ಮೇಲಿನವರಿಗೂ ಕೆಳಗಿನವರಿಗೂ ನೀರಿನ ನಂಟಿದೆ.

1983ರಲ್ಲಿ, ಈಗಿನ ಕಾಸರಗೋಡು ಜಿಲ್ಲೆಯ ಕುಂಬಳೆ ಅಳಿವೆಯ ಮರುವಾಯಿ ತಿಂದು ಮಂಗಳೂರಿನಲ್ಲಿ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ತೀರಿಕೊಂಡನು. ಮರುವಾಯಿ ಕೊಳೆತಿರಲಿಲ್ಲ. ಅದರಲ್ಲಿ ಸೇರಿದ್ದುದು ನರಗಳನ್ನು ಸ್ತಬ್ಧಗೊಳಿಸುವ ಪಾಚಿಯ ವಿಷವೆಂದು ಮಂಗಳೂರು ಮೀನುಗಾರಿಕೆ ಕಾಲೇಜಿನ ವಿಜ್ಞಾನಿಗಳು 1984ರಲ್ಲಿ ವರದಿ ಮಾಡಿದರು. 1997ರಲ್ಲಿ ಕೇರಳದ ವಿಳಿಂಜಂ ಬಳಿ ಪಚ್ಚಿಲೆಯ ಜಾತಿಯ ಚಿಪ್ಪುಜೀವಿಯನ್ನು ತಿಂದು 7 ಮಂದಿ ಮೃತಪಟ್ಟರು.

ವಿಷ ಬರುವ ಬಗೆ

ಸಮುದ್ರದಲ್ಲಿ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ಅಸಂಖ್ಯಾತ. ಬಹುಪಾಲು ನಿರುಪದ್ರವಿಗಳು, ಅವೇ ಸಿಂಪಿಯ ಆಹಾರ. ಅಲೆಕ್ಸಾಂಡ್ರಿಯಂನಂತಹ ಕೆಲವು ಜಾತಿಗಳು ಮಾತ್ರ ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಬೆಳೆದ ಸಿಂಪಿಯೊಂದು ಗಂಟೆಗೆ ಹಲವು ಲೀಟರ್ ನೀರನ್ನು ಕಿವಿರುಗಳಲ್ಲಿ ಸೋಸಿ ಪಾಚಿಯನ್ನು ತಿನ್ನುತ್ತದೆ. ಆಗ ವಿಷವೂ ಅದರ ಮಾಂಸದಲ್ಲಿ ಶೇಖರವಾಗುತ್ತದೆ.

ಸಿಂಪಿಯ ಮೇಲೆ ಪರಿಣಾಮ

ಸಿಂಪಿ ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ. ಆದ್ದರಿಂದ ಅದಕ್ಕೆ ಏನೂ ಆಗಿಲ್ಲವೆಂದು ತಿಳಿಯುವುದು ತಪ್ಪು. ವಿಷಪಾಚಿ ಬಂದಾಗ ಅದು ಚಿಪ್ಪನ್ನು ಮುಚ್ಚಿಕೊಳ್ಳುತ್ತದೆ, ನೀರು ಸೋಸುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟೆಗೆ ಆಹಾರವಿಲ್ಲದೆ, ಕೂಡಿಟ್ಟ ಶಕ್ತಿ ಕರಗುತ್ತದೆ. ಕಿವಿರು ಮತ್ತು ಜೀರ್ಣಾಂಗಗಳಲ್ಲಿ ಉರಿಯೂತ ಕಾಣಿಸಿಕೊಳ್ಳುತ್ತದೆ.

ಮನುಷ್ಯನಿಗೆ, ದನಕರುಗಳಿಗೆ ಇರುವಂತೆ ಸಿಂಪಿಗೆ ಪ್ರತಿಕಾಯಗಳಿಲ್ಲ. ರೋಗಾಣುಗಳನ್ನು ಹಿಡಿದು ನುಂಗುವ ರಕ್ತಕಣಗಳೇ ಅದರ ಮುಖ್ಯ ಕಾವಲುಗಾರರು. ವಿಷಪಾಚಿಗಳ ಸಂಪರ್ಕದಿಂದ ಈ ಕಣಗಳ ಸಂಖ್ಯೆ ಬದಲಾಗುವುದು, ಕೆಲವು ಸಾಯುವುದು, ನುಂಗುವ ಸಾಮರ್ಥ್ಯ ತಗ್ಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಪಾಚಿಯ ಜಾತಿ, ಸಿಂಪಿಯ ಜಾತಿಗಳಿಗೆ ಅನುಸಾರವಾಗಿ ಪರಿಣಾಮದಲ್ಲಿ ಹೆಚ್ಚು ಕಡಿಮೆ ಇದೆ. ಕಾವಲು ಸಡಿಲವಾದಾಗ ವಿಬ್ರಿಯೊದಂತಹ ಬ್ಯಾಕ್ಟೀರಿಯಾಗಳಿಗೆ ದಾರಿ ಸುಲಭ. ನೀರು ನಿಂತು ಬೇರು ಸೊರಗಿದ ಅಡಿಕೆ ಮರಕ್ಕೆ ರೋಗ ಬೇಗ ಹಿಡಿಯುವುದು ತೋಟದವರಿಗೆ ತಿಳಿದ ಸಂಗತಿ, ಇದೂ ಹಾಗೆಯೇ. ವ್ಯತ್ಯಾಸವಿಷ್ಟೆ: ಹರಿಯುವ ನೀರಿನಲ್ಲಿ ಬೆಳೆಯುವ ಸಿಂಪಿಗೆ ಔಷಧಿ ಸಿಂಪಡಿಸಲಾಗದು.

ನಮ್ಮ ಜಿಲ್ಲೆಯ ಸಿಂಪಿಗೆ ಇನ್ನೊಂದು ಸಂಕಟವಿದೆ. ಮಳೆಗಾಲದಲ್ಲಿ ಘಟ್ಟದ ನೀರು ತುಂಬಿ ಅಳಿವೆಯ ಉಪ್ಪಿನಂಶ ಬಹಳ ಇಳಿಯುತ್ತದೆ. ಈ ಸಿಹಿನೀರಿನಿಂದ ಬಳಲಿದ ಸಿಂಪಿಯ ಮೇಲೆ ಪಾಚಿಯ ವಿಷವೂ ಬಿದ್ದರೆ ಅದು ಚೇತರಿಸಿಕೊಳ್ಳುವುದು ಕಷ್ಟ. ಸಿಂಪಿ ಕೃಷಿ ಮಾಡುವವರು ಇದನ್ನು ಲೆಕ್ಕದಲ್ಲಿಟ್ಟುಕೊಂಡೇ ಬಿತ್ತನೆ ಮತ್ತು ಕೊಯ್ಲಿನ ಕಾಲವನ್ನು ಗೊತ್ತುಮಾಡಬೇಕು.

ತಿನ್ನುವವರು ಗಮನಿಸಬೇಕಾದದ್ದು

1. ನೀರಿನ ಬಣ್ಣ ಕೆಂಪು, ಕಂದು ಅಥವಾ ಹಸಿರಿಗೆ ತಿರುಗಿದಾಗ, ಮೀನುಗಳು ಸತ್ತು ತೇಲಿದಾಗ ಚಿಪ್ಪುಜೀವಿಗಳನ್ನು ಹೆಕ್ಕಕೂಡದು. ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ಬಣ್ಣ ಬದಲಾಗದೆಯೂ ವಿಷವಿರಬಹುದು. ಪ್ರಯೋಗಾಲಯದ ಪರೀಕ್ಷೆಯೊಂದೇ ಖಚಿತ. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿದರೆ ಮಾರಾಟಕ್ಕೆ ಯೋಗ್ಯವಲ್ಲ.

2. ಬೇಯಿಸಿದರೆ, ಹುಳಿ ಹಾಕಿದರೆ, ಉಪ್ಪಿನಲ್ಲಿಟ್ಟರೆ ಈ ವಿಷ ಹೋಗುವುದೆಂದು ನಂಬಬಾರದು. ಬೇಯಿಸಿದ ನೀರಿಗೂ ವಿಷ ಇಳಿಯುತ್ತದೆ.

3. ತಿಂದ ಕೆಲವೇ ಹೊತ್ತಿನಲ್ಲಿ ತುಟಿ, ನಾಲಗೆ, ಬೆರಳು ಜುಮುಗುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಪ್ರತಿವಿಷವಿಲ್ಲ. ಆದರೆ ಉಸಿರಾಟಕ್ಕೆ ಸಕಾಲದಲ್ಲಿ ನೆರವು ದೊರೆತರೆ ಜೀವ ಉಳಿಯುತ್ತದೆ.

ತೋಟದವರು ಮಾಡಬಹುದಾದದ್ದು

ಪಾಚಿ ಹೆಚ್ಚಿದಾಗಲೆಲ್ಲ ತೋಟದ ಗೊಬ್ಬರವೇ ಕಾರಣವೆನ್ನಲಾಗದು. ಮಳೆಗಾಲದಲ್ಲಿ ಕಡಲಿನ ಆಳದ ನೀರು ಮೇಲೆದ್ದು ಪೋಷಕಾಂಶಗಳನ್ನು ತರುತ್ತದೆ. ಪಟ್ಟಣದ ಕೊಳಚೆಯೂ ಸೇರುತ್ತದೆ. ಆದರೂ ತೋಟದಿಂದ ಕೊಚ್ಚಿಹೋದ ಸಾರಜನಕ ಮತ್ತು ರಂಜಕಗಳು ಪಾಚಿಗೆ ಆಹಾರವೇ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷನ್ನು ಎರಡು ಕಂತುಗಳಲ್ಲಿ ಕೊಡಬೇಕು. ಜಡಿಮಳೆಯ ದಿನಗಳಲ್ಲಿ ಹಾಕಬಾರದು. ಬುಡಕ್ಕೆ ಸೊಪ್ಪು ಮುಚ್ಚಬೇಕು. ತೋಡಿನ ದಂಡೆಯ ಹುಲ್ಲನ್ನು ಕೆತ್ತಿ ಬರಿದು ಮಾಡಬಾರದು. ಇದರಿಂದ ಹಣ ಕೊಟ್ಟು ತಂದ ಗೊಬ್ಬರ ಮರಕ್ಕೇ ದಕ್ಕುತ್ತದೆ.

ಶುದ್ಧ ನೀರು ಸಿಕ್ಕಿದರೆ ಸಿಂಪಿ ತನ್ನೊಳಗಿನ ವಿಷವನ್ನು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ತಾನೇ ಕಳೆದುಕೊಳ್ಳುತ್ತದೆ. ಆ ಶುದ್ಧ ನೀರಿನ ಒಂದು ಪಾಲು ಹೊರಡುವುದು ನೆಟ್ಟಣದಂತಹ ಊರುಗಳ ತೋಡುಗಳಿಂದಲೇ ಎಂಬುದನ್ನು ಮರೆಯಬಾರದು.